ಹಳೆಯ ಪೇಟೆಗೆ ಕಲೆಯ ಆಸರೆ: ಮುಧೋಳದ ಸಾಧ್ಯತೆಗಳು

ಊರು ಬೆಳೆದಂತೆಲ್ಲ ಅದರ ಹಳೆಯ ಪೇಟೆ ಸೊರಗುವುದು ನಮ್ಮ ಕಡೆ ಸಾಮಾನ್ಯ ಸಂಗತಿ. ಬಸ್ ನಿಲ್ದಾಣ, ಕಚೇರಿಗಳು, ಹೊಸ ಬಡಾವಣೆಗಳು ಹೊರಗೆ ಹೋದ ಮೇಲೆ ವ್ಯಾಪಾರವೂ ಅವುಗಳ ಬೆನ್ನು ಹತ್ತುತ್ತದೆ. ಓಣಿಗಳು ಕಿರಿದು, ಗಾಡಿ ನಿಲ್ಲಿಸಲು ಜಾಗವಿಲ್ಲ. ಮಾಳಿಗೆ ಮನೆಗಳ ಪಾಲುದಾರರು ಹತ್ತೂರಿಗೆ ಚದುರಿರುವುದರಿಂದ ದುರಸ್ತಿಗೆ ಯಾರೂ ಕೈಹಾಕುವುದಿಲ್ಲ. ಇಂಥ ಪೇಟೆಗೆ ಸಂಜೆಯ ಹೊತ್ತು ಜನರನ್ನು ಮರಳಿ ಕರೆತರುವ ಒಂದು ಉಪಾಯವೆಂದರೆ ‘ಕಲಾ ವಲಯ’. ನಾಟಕ, ಸಂಗೀತ, ಚಿತ್ರಕಲೆ, ಕೈಕಸುಬುಗಳೆಲ್ಲ ಹತ್ತಿರ ಹತ್ತಿರದ ನಾಲ್ಕಾರು ಬೀದಿಗಳಲ್ಲಿಯೇ ನಡೆಯುವಂತೆ ಏರ್ಪಡಿಸಿದರೆ, ನೋಡಲು ಬಂದವರು ಚಹಾ ಕುಡಿಯುತ್ತಾರೆ, ಬಳೆ ಕೊಳ್ಳುತ್ತಾರೆ. ಮುಚ್ಚಿದ ಅಂಗಡಿಯ ಬಾಗಿಲು ತೆರೆಯಲು ಕಾರಣ ಸಿಗುತ್ತದೆ ಎಂಬುದು ಇದರ ಲೆಕ್ಕಾಚಾರ.

ಅಮೆರಿಕದ ಮೇರಿಲ್ಯಾಂಡ್ ರಾಜ್ಯ 2001ರಲ್ಲಿ ಇದಕ್ಕಾಗಿ ಕಾನೂನನ್ನೇ ಮಾಡಿತು. ಗೊತ್ತುಪಡಿಸಿದ ವಲಯದಲ್ಲಿ ಹಳೆಯ ಕಟ್ಟಡವನ್ನು ಕಲೆಯ ಬಳಕೆಗೆ ಸರಿಪಡಿಸಿದವರಿಗೆ ಆಸ್ತಿ ತೆರಿಗೆಯಲ್ಲಿ, ಅಲ್ಲಿ ಕೆಲಸ ಮಾಡುವ ಕಲಾವಿದರಿಗೆ ವರಮಾನ ತೆರಿಗೆಯಲ್ಲಿ ರಿಯಾಯಿತಿ. ಅಷ್ಟು ದೂರ ಹೋಗುವುದೇಕೆ, ಮುಂಬಯಿಯ ಕಾಲಾ ಘೋಡಾ ನೋಡಬಹುದು. ಅಲ್ಲಿ 1999ರಿಂದ ನಡೆದುಬಂದ ಕಲಾ ಉತ್ಸವದ ಹಣ ಅದೇ ಪರಿಸರದ ಹಳೆಯ ಕಟ್ಟಡಗಳ ದುರಸ್ತಿಗೂ ಒದಗಿದೆ.

ಮುಧೋಳಕ್ಕೆ ಇದು ಹೊಂದುತ್ತದೆಯೇ? ಮುಧೋಳವೆಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಬೇಟೆನಾಯಿ. 2005ರಲ್ಲಿ ಅದು ಅಂಚೆಚೀಟಿಯ ಮೇಲೂ ಬಂತು. ಆದರೆ ಊರಿನ ನಿಜವಾದ ಬಂಡವಾಳ ಬೇರೆ ಇದೆ. ಘಟಪ್ರಭೆಯ ದಂಡೆಯ ಈ ಊರು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರುವವರೆಗೆ ಘೋರ್ಪಡೆ ಮನೆತನದ ಸಂಸ್ಥಾನದ ರಾಜಧಾನಿ. ಅದಕ್ಕೂ ಸಾವಿರ ವರ್ಷ ಹಿಂದೆ, 949ರಲ್ಲಿ, ಇಲ್ಲಿನ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ‘ಗದಾಯುದ್ಧ’ ಬರೆದು ಕವಿಚಕ್ರವರ್ತಿ ಎನಿಸಿಕೊಂಡ. ಕನ್ನಡದ ಮಹಾಕವಿಯೊಬ್ಬ ಪೇಟೆಯ ಕಸುಬಿನವರ ಮನೆಯಿಂದ ಬಂದವನೆಂಬುದನ್ನು ಈ ಚರ್ಚೆಯಲ್ಲಿ ಮರೆಯಬಾರದು. ಸುತ್ತಲ ಸೀಮೆಯೂ ಬರಡಲ್ಲ. ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದ ಅಮೀರಬಾಯಿ ಕರ್ನಾಟಕಿ ಬೀಳಗಿಯವರು. ರಬಕವಿ–ಬನಹಟ್ಟಿಯಲ್ಲಿ ಮಗ್ಗದ ಸದ್ದಿದೆ. ಅಪರಾಳ ತಮ್ಮಣ್ಣ, ಕುಲಗೋಡ ತಮ್ಮಣ್ಣ ಇವರಿಂದ ರೂಪುಗೊಂಡ ಶ್ರೀಕೃಷ್ಣ ಪಾರಿಜಾತ ಈ ನೀರು ನೆಲದ್ದೇ ಆಟ.

ಈ ಬಂಡವಾಳವನ್ನು ನಾವು ಬಳಸುವ ರೀತಿ ಮಾತ್ರ ಉತ್ಸವದ್ದು. ರನ್ನ ವೈಭವ 2025ರ ಫೆಬ್ರುವರಿಯಲ್ಲಿ ನಡೆಯಿತು. ಉತ್ಸವ ಬೇಡವೆಂದಲ್ಲ; ಆದರೆ ದೊಡ್ಡ ವೇದಿಕೆ, ದೊಡ್ಡ ದೀಪಗಳು ಬಂದು ಹೋದ ಮೇಲೆ ಪೇಟೆಯ ಓಣಿಯಲ್ಲಿ ಏನು ಉಳಿಯುತ್ತದೆ ಎಂದು ಕೇಳಲೇಬೇಕು. ಬಳೆ ಅಂಗಡಿಯವನಿಗೆ ವರ್ಷದಲ್ಲಿ ಮೂರು ದಿನದ ಜಾತ್ರೆಗಿಂತ ವಾರಕ್ಕೊಂದು ಸಂಜೆಯ ಗಿರಾಕಿ ಹೆಚ್ಚು ಲಾಭ.

ಹಾಗಾದರೆ ಮಾದರಿ ಎಲ್ಲಿದೆ? ನಮ್ಮ ಜಿಲ್ಲೆಯಲ್ಲಿಯೇ ಇದೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಬನದ ಹುಣ್ಣಿಮೆಯ ತೇರಿನ ನಂತರವೂ ವಾರಗಟ್ಟಲೆ ವೃತ್ತಿನಾಟಕ ಕಂಪನಿಗಳು ಅಕ್ಕಪಕ್ಕ ಥೇಟರು ಹಾಕುತ್ತವೆ. ಒಂದು ನಾಟಕ ಹಿಡಿಸದಿದ್ದರೆ ಪ್ರೇಕ್ಷಕ ಪಕ್ಕದ ಥೇಟರಿಗೆ ನಡೆಯುತ್ತಾನೆ. ನಡುವೆ ಮಿರ್ಚಿ ಭಜಿ, ಪಾತ್ರೆ ಪಗಡ, ಬಳೆ, ಬಾಗಿಲು ಚೌಕಟ್ಟು ಎಲ್ಲದರ ವ್ಯಾಪಾರ. ಒಂದು ಕಂಪನಿ ಇನ್ನೊಂದರ ಹೊಟ್ಟೆಯ ಮೇಲೆ ಹೊಡೆಯುವುದಿಲ್ಲ, ಬದಲಾಗಿ ಎಲ್ಲವೂ ಸೇರಿ ಜನರನ್ನು ಎಳೆಯುತ್ತವೆ. ವಿದೇಶದ ಯೋಜನಾಕಾರರು ಕಾನೂನು ಮಾಡಿ ಸಾಧಿಸಹೊರಟ ಗುಟ್ಟನ್ನು ನಮ್ಮ ಕಂಪನಿ ಮಾಲೀಕರು ಅನುಭವದಿಂದಲೇ ಬಲ್ಲರು.

ಪಾರಿಜಾತಕ್ಕಂತೂ ಕೋಟಿ ರೂಪಾಯಿಯ ರಂಗಮಂದಿರ ಬೇಕಿಲ್ಲ. ಓಣಿ ಅಗಲವಾಗುವ ಕಡೆ ಒಂದು ಕಟ್ಟೆ, ಬೆಳಕು, ಹಾರ್ಮೋನಿಯಂ, ತಬಲಾ, ಭಾಗವತ, ಸುತ್ತ ಕುಳಿತ ಜನ, ಇಷ್ಟಿದ್ದರೆ ಕೊರವಂಜಿ ಬಂದೇ ಬರುತ್ತಾಳೆ. ಮುಚ್ಚಿದ ಗೋದಾಮಿನಲ್ಲಿ ಮಳೆಗಾಲದ ಆಟ ಮತ್ತು ಮಕ್ಕಳ ತಾಲೀಮು ನಡೆಯಬಹುದು. ಜಾಗ ಆರಿಸುವಾಗ ಒಂದು ಎಚ್ಚರ ಬೇಕು: 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿದಾಗ ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಓಣಿಯ ಹಿರಿಯರನ್ನು ಕೇಳಿಯೇ ಹಲಗೆ ಹೊಡೆಯಬೇಕು.

ಇನ್ನು ತೆರಿಗೆಯ ವಿಷಯ. ನಾಟಕದ 500 ರೂಪಾಯಿವರೆಗಿನ ಟಿಕೆಟ್ಟಿಗೆ ಜಿ.ಎಸ್.ಟಿ. ಇಲ್ಲವಾದ್ದರಿಂದ ಮೇರಿಲ್ಯಾಂಡಿನಂತೆ ತೆರಿಗೆ ಬಿಡುವುದರಿಂದ ಇಲ್ಲಿ ಹೆಚ್ಚೇನೂ ಸಾಧಿಸಿದಂತಾಗದು. ತಂಡಗಳನ್ನು ಸುಸ್ತು ಮಾಡುವುದು ಜಾಗದ ಬಾಡಿಗೆ, ತಾತ್ಕಾಲಿಕ ವಿದ್ಯುತ್ತು, ಧ್ವನಿವರ್ಧಕದ ಪರವಾನಗಿ, ಇವುಗಳಿಗಾಗಿ ಒಂದೊಂದು ಕಚೇರಿಗೆ ಒಂದೊಂದು ದಿನದ ಅಲೆದಾಟ. ನಗರಸಭೆ ಈ ಅರ್ಜಿಗಳನ್ನೆಲ್ಲ ಒಂದೇ ಮೇಜಿನ ಮೇಲೆ ತೆಗೆದುಕೊಂಡರೆ ಅದೇ ದೊಡ್ಡ ಅನುದಾನ.

ಕಠಿಣ ಪ್ರಶ್ನೆ ಕೊನೆಯದು. ಪೇಟೆ ಚೆಂದವಾದಂತೆ ಬಾಡಿಗೆ ಏರುತ್ತದೆ. ಹೊರದೇಶಗಳ ಅನೇಕ ನಗರಗಳಲ್ಲಿ ಕಲಾವಿದರಿಂದ ಬೀದಿಗೆ ಜೀವ ಬಂತು. ಆಮೇಲೆ ಬಾಡಿಗೆ ಕಟ್ಟಲಾಗದೆ ಅವರೇ ಹೊರಬಿದ್ದರು. ಮುಧೋಳದಲ್ಲಿ ಹಾಗೆ ಹೊರಬೀಳುವವರು ಬಳೆಗಾರರು, ದರ್ಜಿಗಳು, ಪಾತ್ರೆಗೆ ಕಲಾಯಿ ಹಾಕುವವರು. ಆದ್ದರಿಂದ ಸಾರ್ವಜನಿಕ ಹಣದಿಂದ ದುರಸ್ತಿಯಾದ ಕಟ್ಟಡಗಳಲ್ಲಿ ಹಳೆಯ ಬಾಡಿಗೆದಾರನನ್ನು ಇಂತಿಷ್ಟು ವರ್ಷ ಅದೇ ದರದಲ್ಲಿ ಉಳಿಸಿಕೊಳ್ಳಬೇಕೆಂಬ ಕರಾರು ಬೇಕು. ಆ ಕರಾರನ್ನು ಮೊದಲ ಗಾರೆ ಮೆತ್ತುವ ಮುನ್ನವೇ ಬರೆಸಿಕೊಳ್ಳಬೇಕು. ಬಣ್ಣ ಹೊಡೆದ ಮೇಲೆ ಯಾವ ಮಾಲೀಕನೂ ಸಹಿ ಹಾಕಲಾರ.