ಕುಡಿಯುವ ಜಾಗವನ್ನು ಗೊತ್ತುಮಾಡುವವರು ಯಾರು?

ಮದ್ಯವನ್ನು ಎಲ್ಲಿ ಕುಳಿತು ಕುಡಿಯಬೇಕೆಂಬುದು ವ್ಯಕ್ತಿಯ ಇಷ್ಟಕ್ಕೆ ಬಿಟ್ಟ ವಿಷಯವೆಂದು ತೋರುತ್ತದೆ. ಆದರೆ ಆದಾಯ, ಲಿಂಗ, ವಯಸ್ಸು ಹಾಗೂ ವಾಸಸ್ಥಳಗಳು ಆ ಜಾಗವನ್ನು ಬಹುಮಟ್ಟಿಗೆ ಮೊದಲೇ ಗೊತ್ತುಮಾಡಿರುತ್ತವೆ. ಕರ್ನಾಟಕದ ಅಬಕಾರಿ ಪರವಾನಗಿಗಳ ಪಟ್ಟಿಯಲ್ಲೇ ಇದರ ಸುಳಿವಿದೆ.

ಹಣವಿದ್ದವರಿಗೆ ಮೇಜು

ಚಿಲ್ಲರೆ ಮದ್ಯದಂಗಡಿಗೆ ಸಿಎಲ್-2, ಕ್ಲಬ್ಬಿಗೆ ಸಿಎಲ್-4, ವಸತಿಗೃಹವುಳ್ಳ ಹೋಟೆಲಿಗೆ ಸಿಎಲ್-7, ಬಾರ್ ಅಂಡ್ ರೆಸ್ಟೋರೆಂಟಿಗೆ ಸಿಎಲ್-9 ಪರವಾನಗಿ ನೀಡಲಾಗುತ್ತದೆ. ಸಿಎಲ್-2 ಅಂಗಡಿಯಿಂದ ಮೊಹರು ಮಾಡಿದ ಬಾಟಲಿಯನ್ನು ಕೊಂಡೊಯ್ಯಬಹುದೇ ಹೊರತು ಅಲ್ಲಿಯೇ ಕುಡಿಯುವಂತಿಲ್ಲ. ಮೇಜು, ಕುರ್ಚಿ ಬೇಕೆಂದರೆ ಬಾರ್‌ನಲ್ಲಿ ಹೆಚ್ಚಿನ ಬೆಲೆ ತೆರಬೇಕು. ಅದು ಕೈಗೆಟುಕದ ಕೂಲಿಕಾರ್ಮಿಕ ರಸ್ತೆಬದಿ, ಕೆರೆ ಏರಿ, ಖಾಲಿ ನಿವೇಶನಗಳನ್ನು ಆಶ್ರಯಿಸುತ್ತಾನೆ. ಪೊಲೀಸರ ಕಣ್ಣಿಗೆ ಬೀಳುವವನೂ ಅವನೇ. ಕ್ಲಬ್ಬಿನ ಸದಸ್ಯನಿಗೆ ಆ ಭಯವಿಲ್ಲ.

ಹಿರಿಯರ ಕಣ್ಣು, ಸಮಾಜದ ಕಣ್ಣು

ತಂದೆ-ತಾಯಿಯೊಡನೆ ವಾಸಿಸುವ ಯುವಕ ಮನೆಯಲ್ಲಿ ಕುಡಿಯಲಾರ. ನಗರದ ಪಬ್ ಅವನಿಗೆ ಗುರುತು ಸಿಗದ ತಾಣ. ಹಳ್ಳಿಯಲ್ಲಿ ಅಂತಹ ಮರೆಯಿಲ್ಲ. ಮಹಿಳೆಯರ ಸ್ಥಿತಿ ಇನ್ನೂ ಭಿನ್ನ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15 ವರ್ಷ ಮೇಲ್ಪಟ್ಟ ಪುರುಷರಲ್ಲಿ ಶೇ. 18.8, ಮಹಿಳೆಯರಲ್ಲಿ ಶೇ. 1.3 ಮಂದಿ ಮದ್ಯ ಸೇವಿಸುತ್ತಾರೆ. ಪಬ್ಬಿನ ಬಾಗಿಲು ಕಾನೂನಿನ ಪ್ರಕಾರ ಮಹಿಳೆಗೂ ತೆರೆದಿದೆ. ಆದರೂ 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬೊಂದರಲ್ಲಿದ್ದ ಯುವತಿಯರ ಮೇಲೆ ಹಲ್ಲೆ ನಡೆಯಿತು. ಕಾನೂನು ಒಪ್ಪಿದ ಜಾಗವನ್ನು ಸಮಾಜ ಒಪ್ಪಬೇಕೆಂದಿಲ್ಲ ಎಂಬುದನ್ನು ಆ ಘಟನೆ ತೋರಿಸಿತು.

ಅಂಗಡಿ ಮುಚ್ಚಿದರೆ?

ಬಡವರ ಕುಡಿತದ ತಾಣವಾಗಿದ್ದ ಸಾರಾಯಿ ಅಂಗಡಿಗಳು 2007ರ ಜುಲೈ 1ರಿಂದ ರಾಜ್ಯದಲ್ಲಿ ಮುಚ್ಚಿದವು. ಕುಡಿತ ನಿಲ್ಲಲಿಲ್ಲ, ಜಾಗ ಬದಲಿಸಿತು. ಅಗ್ಗದ ಮದ್ಯದ ಪೊಟ್ಟಣಗಳು ಹಳ್ಳಿಗಳ ಕಿರಾಣಿ ಅಂಗಡಿಗಳಲ್ಲಿ ಅಕ್ರಮವಾಗಿ ದೊರೆಯತೊಡಗಿದವು. ಕುಡಿತ ಮನೆಯ ಹೊಸ್ತಿಲಿಗೇ ಬಂದಾಗ ಅದರ ಪೆಟ್ಟು ಬೀಳುವುದು ಕುಡಿಯದ ಹೆಂಡತಿ, ಮಕ್ಕಳ ಮೇಲೆ. 2019ರ ಜನವರಿಯಲ್ಲಿ ಗ್ರಾಮೀಣ ಮಹಿಳೆಯರು ಮದ್ಯನಿಷೇಧಕ್ಕೆ ಆಗ್ರಹಿಸಿ ಚಿತ್ರದುರ್ಗದಿಂದ ಬೆಂಗಳೂರಿಗೆ ಪಾದಯಾತ್ರೆ ಬಂದದ್ದರ ಹಿಂದೆ ಈ ನೋವಿತ್ತು.

ಆದ್ದರಿಂದ ಅಬಕಾರಿ ನೀತಿ ರೂಪಿಸುವವರು ಎಷ್ಟು ಮದ್ಯ ಮಾರಾಟವಾಯಿತೆಂದು ಲೆಕ್ಕವಿಟ್ಟರೆ ಸಾಲದು. ಅದನ್ನು ಯಾರು, ಎಲ್ಲಿ ಕುಡಿದರು, ಅದರ ಪರಿಣಾಮವನ್ನು ಯಾರು ಉಂಡರು ಎಂಬುದನ್ನೂ ಕೇಳಬೇಕಾಗುತ್ತದೆ.