ಹಡಪದೊಳಗಿನ ಉಕ್ಕು

ಅಟ್ಟದಲ್ಲಿ ಸಿಕ್ಕಿದ ತಾಮ್ರದ ಕೊಡ, ಹಿತ್ತಾಳೆಯ ದೀಪಗಳನ್ನು ನಾವು ಹುಣಸೆಹಣ್ಣು ಹಚ್ಚಿ ತಿಕ್ಕಿ ತೆಗೆದಿರಿಸುತ್ತೇವೆ. ಅದೇ ಅಟ್ಟದಲ್ಲಿ ಬಿದ್ದಿರುವ, ತುಕ್ಕು ಹಿಡಿದ ಕ್ಷೌರದ ಕತ್ತಿಯನ್ನು ಮಾತ್ರ ಗುಜರಿಯವನ ತಕ್ಕಡಿಗೆ ಹಾಕಲು ಹಿಂದೆಮುಂದೆ ನೋಡುವುದಿಲ್ಲ. ಒಂದು ಕುಟುಂಬದ ಮೂರು ತಲೆಮಾರಿಗೆ ಅನ್ನ ಕೊಟ್ಟ ಈ ಉಪಕರಣ ತನ್ನ ವಯಸ್ಸನ್ನು ತಾನೇ ಹೇಳಬಲ್ಲದು. ಕೇಳುವ ಕ್ರಮ ನಮಗೆ ತಿಳಿದಿರಬೇಕು, ಅಷ್ಟೆ.

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ವಳಸಂಗ ನಮ್ಮ ಕಾಸರಗೋಡಿನ ಹಾಗೆಯೇ ಗಡಿಯಾಚೆ ಉಳಿದ ಊರು. ಅಲ್ಲಿಯ ಕನ್ನಡ ಮನೆಗಳಲ್ಲಿ ಮನೆಮಾತು ಒಂದು, ಕಚೇರಿಯ ಮಾತು ಇನ್ನೊಂದು. ಕ್ಷೌರದ ಕತ್ತಿಗೂ ಅವರು ಮರಾಠಿಯ ‘ವಸ್ತರಾ’ ಎಂಬ ಹೆಸರನ್ನೇ ಬಳಸುವುದುಂಟು. ಅಲ್ಲಿ ಕ್ಷೌರಿಕ ವೃತ್ತಿಯ ಹಿರಿಯರೊಬ್ಬರು ಹಡಪ ಬಿಚ್ಚಿ ಅಂಥದೊಂದು ಕತ್ತಿಯನ್ನು ತೋರಿಸಿ, “ಮಾಸ್ತರ, ಇದಕ್ಕ ಸಾಣಿ ಹಿಡಿಸಿ ಬೆಳ್ಳಗ ಮಾಡಸೂಣೇನ್ರಿ? ಕಂಪನಿ ಸರಕಾರದ ಕಾಲದ್ದು” ಎಂದರು. ಸಾಣೆಗೆ ಕೊಡುವುದಕ್ಕೆ ಮೊದಲು ಅಲಗಿನ ಬುಡವನ್ನು ಓದೋಣವೆಂದು ನಾವು ಹೇಳಿದೆವು.

ವಯಸ್ಸು ತಿಳಿಯುವ ಬಗೆ

ಅಲಗಿಗೂ ಬಾಲಕ್ಕೂ ನಡುವಿನ ದಪ್ಪ ಭಾಗದಲ್ಲಿ ತಯಾರಕರ ಮುದ್ರೆಯಿರುತ್ತದೆ. ಹಳೆಯ ಕತ್ತಿಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನ ಶೆಫೀಲ್ಡ್ ಅಥವಾ ಜರ್ಮನಿಯ ಸೋಲಿಂಗೆನ್ ಪಟ್ಟಣದವು. ಕೆಲವು ಇಂಗ್ಲಿಷ್ ಕತ್ತಿಗಳ ಮೇಲೆ ಕಿರೀಟದೊಡನೆ ಅರಸರ ಹೆಸರಿನ ಮೊದಲಕ್ಷರಗಳಿರುತ್ತವೆ. ‘ಡಬ್ಲ್ಯು.ಆರ್.’ ಎಂದಿದ್ದರೆ ನಾಲ್ಕನೆಯ ವಿಲಿಯಂ ಆಳಿದ 1830ರಿಂದ 1837ರ ಕಾಲ, ‘ವಿ.ಆರ್.’ ಎಂದಿದ್ದರೆ 1837ರಿಂದ 1901ರವರೆಗಿನ ವಿಕ್ಟೋರಿಯಾ ರಾಣಿಯ ಕಾಲ.

ದೇಶದ ಹೆಸರು ಇನ್ನೊಂದು ಗುರುತು. ಹೊರಗಿನಿಂದ ಬರುವ ಸರಕಿನ ಮೇಲೆ ಅದು ತಯಾರಾದ ದೇಶದ ಹೆಸರಿರಬೇಕೆಂದು ಅಮೆರಿಕವು 1890ರ ಸುಂಕದ ಕಾನೂನಿನಲ್ಲಿ ವಿಧಿಸಿತು. ಆದ್ದರಿಂದ ಊರಿನ ಜೊತೆಗೆ ‘ಇಂಗ್ಲೆಂಡ್’ ಅಥವಾ ‘ಜರ್ಮನಿ’ ಎಂಬ ಮುದ್ರೆಯಿದ್ದರೆ ಕತ್ತಿ ಬಹುಮಟ್ಟಿಗೆ ಆ ಬಳಿಕದ್ದು. ಆಕಾರವೂ ಸಾಕ್ಷಿ ನುಡಿಯುತ್ತದೆ: ಬಾಲವಿಲ್ಲದ ಇಲ್ಲವೆ ಮೋಟು ಬಾಲದ, ಬೆಣೆಯಂತೆ ದಪ್ಪನಾದ ಅಲಗು ಹಳೆಯದು, ಎರಡೂ ಮಗ್ಗುಲಲ್ಲಿ ಆಳವಾಗಿ ತಗ್ಗು ತೆಗೆದ ತೆಳು ಅಲಗು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದೀಚೆಗೆ ಬಳಕೆಗೆ ಬಂದುದು. ಹಿಡಿ ಸೆಲ್ಯುಲಾಯ್ಡಿನದಾದರೆ 1870ಕ್ಕಿಂತ ಹಿಂದಿನದಾಗಿರಲಾರದು. ಆದರೆ ಒಡೆದ ಹಿಡಿಯನ್ನು ಬದಲಿಸುವುದು ವಾಡಿಕೆಯಾಗಿದ್ದುದರಿಂದ ಹಿಡಿಯೊಂದನ್ನೇ ನಂಬಿ ತೀರ್ಪು ಕೊಡಬಾರದು.

ವಳಸಂಗದ ಕತ್ತಿಯ ತುಕ್ಕಿನಡಿಯಲ್ಲಿ ‘ಶೆಫೀಲ್ಡ್’, ಅದರ ಕೆಳಗೆ ‘ಇಂಗ್ಲೆಂಡ್’ ಎಂದು ಕಾಣಿಸಿತು. ಅಲಗಿಗೆ ತಗ್ಗೂ ಇತ್ತು. ಕಂಪನಿ ಸರಕಾರ ಮುಗಿದದ್ದು 1858ರಲ್ಲಿ. ಹಿರಿಯರ ಮುಖ ತುಸು ಸಪ್ಪಗಾಯಿತು. ಆದರೆ ಇದರಿಂದ ಕತ್ತಿಯ ಬೆಲೆ ಕುಂದಿತೆಂದು ನಮಗೆ ತೋರುವುದಿಲ್ಲ. ಯಾವುದೋ ಕಂಪನಿ ಕಾಲದ ಅಪರಿಚಿತನ ಕೈಯಿಂದ ಅದು ಅವರ ಮುತ್ತಜ್ಜನ ಕೈಗೆ ಬಂದಂತಾಯಿತು. ಸಾಣೆಚಕ್ರಕ್ಕೆ ಕೊಟ್ಟಿದ್ದರೆ ಆ ಎರಡು ಸಾಲು ಅಕ್ಷರಗಳೇ ಅಳಿಸಿಹೋಗುತ್ತಿದ್ದವು.

ದುರಸ್ತಿಯ ಕ್ರಮ

ಮೊದಲು ಬಿರುಕನ್ನು ಹುಡುಕಬೇಕು. ಬೆಳಕಿಗೆ ಹಿಡಿದಾಗ ಬಾಯಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅಂಥ ಕತ್ತಿ ನೋಡಲಿಕ್ಕೆ ಮಾತ್ರ. ಬಾಯಿಗೆ ಅಂಟುಪಟ್ಟಿ ಸುತ್ತಿ, ಹೊಲಿಗೆ ಯಂತ್ರದ ಎಣ್ಣೆ ಸವರಿ ಒಂದು ರಾತ್ರಿ ಬಿಡಬೇಕು. ಮರುದಿನ ನಯವಾದ ಉಜ್ಜುಕಾಗದಕ್ಕೆ ಎಣ್ಣೆ ಹಚ್ಚಿ, ಉದ್ದುದ್ದಕ್ಕೆ ಮೆಲ್ಲನೆ ಉಜ್ಜಬೇಕು. ಕೆಂಪು ತುಕ್ಕು ಹೋದರೆ ಸಾಕು. ಕಪ್ಪು ಕಲೆ ಉಳಿದರೆ ಉಳಿಯಲಿ. ಮುದ್ರೆಯಿರುವಲ್ಲಿ ಬಟ್ಟೆಯ ಹೊರತು ಬೇರೇನೂ ತಾಗಬಾರದು.

ವಿದ್ಯುತ್ ಸಾಣೆ ಏಕೆ ಬೇಡ? ಉಕ್ಕನ್ನು ಕಾಯಿಸಿ ತಣಿಸಿ ಗಡಸು ಮಾಡಿದ ಮೇಲೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹದಗೊಳಿಸಿರುತ್ತಾರೆ. ಚಕ್ರದ ತಿಕ್ಕಾಟದಿಂದ ತೆಳುವಾದ ಬಾಯಿ ಕ್ಷಣದಲ್ಲಿ ಅದಕ್ಕಿಂತ ಹೆಚ್ಚು ಕಾಯುತ್ತದೆ. 300 ಡಿಗ್ರಿಯ ಸುಮಾರಿಗೆ ನೀಲಿ ಬಣ್ಣ ತಿರುಗಿತೆಂದರೆ ಹದ ಕೆಟ್ಟಿತು. ಆ ಬಾಯಿ ಮತ್ತೆ ಹರಿತ ಹಿಡಿಯದು.

ಮಸೆಯುವಾಗ ಕತ್ತಿಯನ್ನು ಕಲ್ಲಿನ ಮೇಲೆ ಮಟ್ಟಸವಾಗಿ ಮಲಗಿಸಬೇಕು. ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಿದಾಗ ಕೋನ ತಾನಾಗಿಯೇ ಸರಿಬರುತ್ತದೆ. ಕಲ್ಲಿನ ಮೇಲೆ ಬಾಯಿ ಮುಂದಾಗಿ ಸಾಗಬೇಕು, ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಸಾಗಬೇಕು. ಇದು ತಪ್ಪಿದರೆ ಪಟ್ಟಿಯೇ ಹರಿದೀತು. ಕೊಂಬಿನ ಹಿಡಿ ಒಣಗಿದ್ದರೆ ಎಣ್ಣೆ ಸವರಬಹುದು. ಸೆಲ್ಯುಲಾಯ್ಡ್ ಹಿಡಿ ಮುರುಟಿ ಪುಡಿಯಾಗುತ್ತಿದ್ದರೆ ಕೂಡಲೇ ಬೇರೆ ಮಾಡಬೇಕು. ಅದರಿಂದೇಳುವ ಆಮ್ಲದ ಹಬೆ ಅಲಗನ್ನು ತಿನ್ನುತ್ತದೆ. ಅದು ಬೇಗ ಬೆಂಕಿಯನ್ನೂ ಹಿಡಿಯುತ್ತದೆ.

ನಮ್ಮ ಉಕ್ಕು, ಅವರ ‘ವೂಟ್ಜ್’

ಶೆಫೀಲ್ಡಿನ ಹೆಸರು ಕೇಳಿ ಇದೆಲ್ಲ ಪರದೇಶದ ವಿದ್ಯೆಯೆಂದು ವಾಚಕರು ತಿಳಿಯಬಾರದು. ದಕ್ಷಿಣ ಭಾರತದಲ್ಲಿ ಮಣ್ಣಿನ ಮೂಸೆಯಲ್ಲಿ ಕರಗಿಸಿ ತೆಗೆಯುತ್ತಿದ್ದ ಉಕ್ಕಿನ ಮಾದರಿಗಳು ಹದಿನೆಂಟನೆಯ ಶತಮಾನದ ಕೊನೆಗೆ ಮುಂಬಯಿಯಿಂದ ಲಂಡನ್ನಿಗೆ ಹೋದವು. 1795ರಲ್ಲಿ ಜಾರ್ಜ್ ಪಿಯರ್ಸನ್ ಅದರ ಬಗ್ಗೆ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಮಂಡಿಸಿದರು. ಇಂಗ್ಲಿಷರು ಅದನ್ನು ಕರೆದದ್ದು ‘ವೂಟ್ಜ್’ ಎಂದು. ಕನ್ನಡದ ‘ಉಕ್ಕು’ ಶಬ್ದವನ್ನು ಬರೆದುಕೊಂಡದ್ದು ಓದುವಲ್ಲಿ ತಪ್ಪಾಗಿ ಹೀಗಾಯಿತೆಂಬುದು ನಿಘಂಟುಕಾರರ ಊಹೆ. ನಮ್ಮ ನೆರೆಯ ಮಲಯಾಳದ ‘ಉರುಕ್ಕ್’ ಕೂಡ ಇದೇ ಬಳಗದ ಮಾತು.

ಲಂಡನ್ನಿನ ಕತ್ತಿ ತಯಾರಕ ಜೇಮ್ಸ್ ಸ್ಟೋಡಾರ್ಟ್ ಈ ಉಕ್ಕಿನಿಂದಲೇ ಕ್ಷೌರದ ಕತ್ತಿ, ಶಸ್ತ್ರವೈದ್ಯರ ಉಪಕರಣಗಳನ್ನು ಮಾಡುತ್ತಿದ್ದರು. ಯುರೋಪಿನ ಉಕ್ಕಿಗಿಂತ ಇದೇ ಮೇಲೆಂದು ಸಾರುತ್ತಲೂ ಇದ್ದರು. ವಿದ್ಯುತ್ತಿನ ಸಂಶೋಧನೆಗೆ ಹೆಸರಾದ ಮೈಕೇಲ್ ಫ್ಯಾರಡೆ ಅವರೊಡನೆ ಸೇರಿ, ಇದರ ಗುಟ್ಟನ್ನು ಅರಸುತ್ತ ಉಕ್ಕಿಗೆ ಬೇರೆ ಬೇರೆ ಲೋಹಗಳನ್ನು ಬೆರೆಸಿ ನೋಡಿದರು. 500 ಪಾಲು ಉಕ್ಕಿಗೆ 1 ಪಾಲು ಬೆಳ್ಳಿ ಸೇರಿಸಿದ ಪ್ರಯೋಗವೂ ಅವುಗಳಲ್ಲೊಂದು. ಮುಂದೆ ಶೆಫೀಲ್ಡಿನ ಎಷ್ಟೋ ಕತ್ತಿಗಳು ‘ಬೆಳ್ಳಿ ಉಕ್ಕು’ ಎಂಬ ಮುದ್ರೆ ಹೊತ್ತು ಬಂದವು.

ಇಂದು ಕ್ಷೌರದಂಗಡಿಗಳಲ್ಲಿ ಗಿರಾಕಿಗೊಂದರಂತೆ ಹೊಸ ಬ್ಲೇಡು ಹಾಕುತ್ತಾರೆ. ರಕ್ತದ ಮೂಲಕ ಹರಡುವ ರೋಗಗಳ ದೃಷ್ಟಿಯಿಂದ ಅದೇ ಯೋಗ್ಯ. ಹಳೆಯ ಕತ್ತಿಯನ್ನು ಹಲವರ ಮುಖಕ್ಕೆ ತಾಗಿಸಕೂಡದು. ಆದರೆ ಕೆಲಸ ನಿಂತ ಮಾತ್ರಕ್ಕೆ ಕತ್ತಿಯನ್ನು ಗುಜರಿಗೆ ಹಾಕಬೇಕಾಗಿಲ್ಲ. ಎಣ್ಣೆ ಸವರಿ, ಒಣ ಬಟ್ಟೆಯಲ್ಲಿ ಸುತ್ತಿ, ಅದನ್ನು ಹಿಡಿದವರ ಹೆಸರು, ಊರು, ಅವರು ದುಡಿದ ಕಾಲ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ತಯಾರಕನ ಹೆಸರನ್ನು ಉಕ್ಕಿನ ಮೇಲೆ ಒತ್ತಿದ್ದಾರೆ. ದುಡಿದವನ ಹೆಸರು ಅದರ ಮೇಲಿಲ್ಲ. ಅದನ್ನು ಬರೆದಿಡಬೇಕಾದವರು ಮನೆಯವರೇ, ಅದೂ ಹೇಳಬಲ್ಲ ಹಿರಿಯರು ಇರುವಾಗಲೇ.