ಒಂದು ಪಕ್ಕ ಹೊಳೆ, ಇನ್ನೊಂದು ಪಕ್ಕ ಕಡಲು

ಮಲ್ಪೆಯ ಸೇತುವೆ ದಾಟಿ ಪಡುಕೆರೆಗೆ ಇಳಿದು ಸೈಕಲ್ಲನ್ನು ದಕ್ಷಿಣಕ್ಕೆ ತಿರುಗಿಸಿದರೆ, ಮಟ್ಟು ಹಾದು ಕಾಪುವಿನ ದೀಪಸ್ತಂಭದವರೆಗೆ ಏದುಸಿರು ಬಿಡಿಸುವಂಥ ಏರು ಸಿಗುವುದಿಲ್ಲ. ಮಲ್ಪೆ ಮತ್ತು ಕಾಪುವಿನ ನಡುವೆ ನೇರ ಗೆರೆ ಎಳೆದರೆ ಸುಮಾರು 15 ಕಿ.ಮೀ. ಗೇರ್ ಇಲ್ಲದ ಸೈಕಲ್ ಇದ್ದರೂ ಸಾಕು. ಪಡುಕೆರೆಯ ಉದ್ದಕ್ಕೂ ಬಲಗಡೆ ಅರಬ್ಬಿ ಸಮುದ್ರ, ಎಡಗಡೆ ಉದ್ಯಾವರ ಹೊಳೆ. ಕೆಲವು ಕಡೆ ಇವೆರಡರ ಮಧ್ಯೆ ಇರುವುದು ಒಂದು ರಸ್ತೆ, ಒಂದು ಸಾಲು ಮನೆ, ಒಂದಿಷ್ಟು ತೆಂಗಿನಮರ, ಅಷ್ಟೇ.

ಇಲ್ಲಿ ಸೈಕಲ್ ನಿಲ್ಲಿಸಿ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಪೂರ್ವದ ಗುಡ್ಡಗಳಿಂದ ಕಡಲಿಗೆಂದೇ ಹರಿದುಬಂದ ನೀರು, ಕಡಲು ಕೂಗಳತೆಯಲ್ಲಿದೆ ಎನ್ನುವಾಗ ಉತ್ತರಕ್ಕೆ ಹೊರಳಿ, ಕಿಲೋಮೀಟರುಗಟ್ಟಲೆ ದಡಕ್ಕೆ ಸಮಾನಾಂತರವಾಗಿ ಸಾಗಿ, ಮಲ್ಪೆಯ ಅಳಿವೆಯಲ್ಲಿ ಸಮುದ್ರ ಸೇರುವುದೇಕೆ? ಅದನ್ನು ಅಡ್ಡಗಟ್ಟಿದ್ದು ಬಂಡೆಯಲ್ಲ, ಬರೀ ಮರಳು.

ಆ ಮರಳಿನ ಕತೆ ಶುರುವಾಗುವುದು ಕಾರ್ಕಳದ ಕಡೆಯಿಂದ. 1432ರಲ್ಲಿ ಸ್ಥಾಪನೆಯಾದ 42 ಅಡಿಯ ಗೊಮ್ಮಟ ನಿಂತಿರುವುದು ಗ್ರಾನೈಟ್ ಬಂಡೆಯ ಗುಡ್ಡದ ಮೇಲೆ. ಇಂಥ ಬಂಡೆಗಳಲ್ಲಿ ಮುಖ್ಯವಾಗಿ ಫೆಲ್ಡ್‌ಸ್ಪಾರ್ ಮತ್ತು ಕ್ವಾರ್ಟ್ಸ್ ಎಂಬ ಖನಿಜಗಳಿರುತ್ತವೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಈ ಸೀಮೆಯಲ್ಲಿ ಫೆಲ್ಡ್‌ಸ್ಪಾರ್ ನಿಧಾನವಾಗಿ ಕೊಳೆತು ಜೇಡಿಯಾಗುತ್ತದೆ. ಕ್ವಾರ್ಟ್ಸ್ ಮಾತ್ರ ಕರಗದೆ ಕಾಳುಕಾಳಾಗಿ ಉಳಿಯುತ್ತದೆ. ಕಬ್ಬಿಣ ಮತ್ತು ಅಲ್ಯೂಮಿನಿಯಂನ ಅಂಶಗಳು ಮೇಲ್ಪದರದಲ್ಲಿ ಗಟ್ಟಿಯಾದಲ್ಲಿ ಮುರಕಲ್ಲು ಹುಟ್ಟುತ್ತದೆ. ಮಣಿಪಾಲ ಕೂತಿರುವುದು ಅಂಥ ಮುರಕಲ್ಲಿನ ಹಾಸಿನ ಮೇಲೆ. ಘಟ್ಟದ ಬುಡದಿಂದ ಕಾರ್ಕಳ ತಾಲ್ಲೂಕನ್ನು ಹಾದು ಬರುವ ಸ್ವರ್ಣಾ ನದಿ, ಸೀತಾನದಿ ಮತ್ತು ಇವುಗಳ ನಡುವಿನ ಚಿಕ್ಕಪುಟ್ಟ ಹೊಳೆಗಳೆಲ್ಲ ಮಳೆಗಾಲದಲ್ಲಿ ಈ ಜೇಡಿಯನ್ನೂ ಮರಳನ್ನೂ ಹೊತ್ತು ತರುತ್ತವೆ.

ಅಳಿವೆಯಲ್ಲಿ ಹೊರಬಿದ್ದ ಮರಳನ್ನು ಕಡಲು ಇದ್ದಲ್ಲೇ ಬಿಡುವುದಿಲ್ಲ. ಅಲೆಗಳು ದಡಕ್ಕೆ ಓರೆಯಾಗಿ ಬಂದು ಬಡಿಯುತ್ತವೆ, ನೀರು ಹಿಂದೆ ಸರಿಯುವಾಗ ಇಳಿಜಾರಿನಲ್ಲಿ ನೆಟ್ಟಗೆ ಇಳಿಯುತ್ತದೆ. ಹಾಗಾಗಿ ಪ್ರತಿ ಅಲೆಗೂ ಮರಳಿನ ಕಣ ದಡದುದ್ದಕ್ಕೆ ಒಂದಿಷ್ಟು ಪಕ್ಕಕ್ಕೆ ಸರಿಯುತ್ತದೆ. ಅಲೆಯ ದಿಕ್ಕು ಋತುವಿಗೆ ತಕ್ಕಂತೆ ಬದಲಾದಾಗ ಈ ಪಯಣದ ದಿಕ್ಕೂ ಬದಲಾಗುತ್ತದೆ. ಹೀಗೆ ಸರಿದು ಸರಿದು ಹೊಳೆಯ ಬಾಯಿಗೆ ಅಡ್ಡವಾಗಿ ಬೆಳೆಯುವ ಉದ್ದನೆಯ ದಿಬ್ಬವೇ ಮರಳಿನ ನಾಲಿಗೆ. ಪಡುಕೆರೆ ಅಂಥದ್ದು. ಸ್ವರ್ಣಾ ಮತ್ತು ಸೀತಾ ಒಂದಾಗಿ ಸಮುದ್ರ ಸೇರುವ ಕೋಡಿಬೆಂಗ್ರೆಯೂ ಅಂಥದ್ದೇ.

ಭೂಮಿಯ ಲೆಕ್ಕದಲ್ಲಿ ಈ ನೆಲ ತೀರಾ ಎಳೆಯದು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದಲ್ಲಿ, ಉಕ್ಕಿ ತಣಿದ ಲಾವಾ. ಪಡುಕೆರೆಯ ವಿಚಾರ ಬೇರೆ. 20,000 ವರ್ಷಗಳ ಹಿಂದೆ ಹಿಮಯುಗ ಉತ್ತುಂಗದಲ್ಲಿದ್ದಾಗ ಸಮುದ್ರ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು, ಕರಾವಳಿ ಬಹುದೂರ ಪಶ್ಚಿಮದಲ್ಲಿತ್ತು. ನೀರು ಈಗಿನ ಮಟ್ಟದ ಹತ್ತಿರಕ್ಕೆ ಬಂದು ಆರೇಳು ಸಾವಿರ ವರ್ಷಗಳಷ್ಟೇ ಆಗಿವೆ. ನಾವು ಸೈಕಲ್ ತುಳಿಯುವ ಮರಳಿನ ಪಟ್ಟಿ ರೂಪುಗೊಂಡದ್ದು ಅದರಿಂದೀಚೆಗೆ.

ಮರಳು ಅಡ್ಡ ನಿಂತಾಗ ಅದರ ಬೆನ್ನಿಗೆ ನೀರು ಶಾಂತವಾಗುತ್ತದೆ. ಶಾಂತವಾದ ನೀರಿನಲ್ಲಿ ಜೇಡಿ ತಳಕ್ಕಿಳಿಯುತ್ತದೆ. ಉದ್ಯಾವರ ಮತ್ತು ಪಾಂಗಾಳ ಹೊಳೆಗಳ ಬದಿಯ ಕೆಸರುನೆಲ, ಕಾಂಡ್ಲಾ ಪೊದೆ, ಬೈಲುಗದ್ದೆಗಳೆಲ್ಲ ಈ ಶಾಂತಿಯ ಫಲ. ದಿನಕ್ಕೆರಡು ಸಲ ಉಬ್ಬರದೊಂದಿಗೆ ಉಪ್ಪುನೀರು ಒಳಗೆ ಬರುತ್ತದೆ, ಇಳಿತದೊಂದಿಗೆ ಹೊರಗೆ ಹೋಗುತ್ತದೆ. ಈ ಕೆಸರಿನಲ್ಲಿ ಗಾಳಿಯಾಡುವುದಿಲ್ಲ. ಅದಕ್ಕೇ ಕಾಂಡ್ಲಾ ಜಾತಿಯ ಕೆಲವು ಮರಗಳು ಪೆನ್ಸಿಲಿನಂಥ ಉಸಿರುಬೇರುಗಳನ್ನು ನೆಲದಿಂದ ಮೇಲಕ್ಕೆ ಚಾಚುತ್ತವೆ. ಅಂಥ ಬೇರಿರುವ ಅವಿಸೆನ್ನಿಯಾದ ಎಲೆಯನ್ನು ಬಿಸಿಲಿನಲ್ಲಿ ನೋಡಿ. ಮೇಲೆ ಸಣ್ಣ ಬಿಳಿ ಹರಳುಗಳು ಕಾಣುತ್ತವೆ. ಬೆರಳಿನಿಂದ ಒರೆಸಿ ನಾಲಿಗೆಗೆ ಮುಟ್ಟಿಸಿದರೆ ಉಪ್ಪು. ಬೇರು ಎಷ್ಟು ಸೋಸಿದರೂ ಒಳಗೆ ನುಸುಳಿದ ಉಪ್ಪನ್ನು ಎಲೆಯ ಗ್ರಂಥಿಗಳು ಹೊರಹಾಕಿರುತ್ತವೆ.

ಗದ್ದೆಗಳಿಗೆ ಈ ಸೌಕರ್ಯವಿಲ್ಲ. ಭತ್ತಕ್ಕೆ ಉಪ್ಪು ಆಗದು. ಮಳೆಗಾಲದ ಏಣೇಲು ಬೆಳೆಗೆ ಚಿಂತೆಯಿಲ್ಲ, ಹೊಳೆಯ ಸಿಹಿನೀರಿನ ರಭಸವೇ ಕಡಲನ್ನು ಹೊರಗೆ ತಳ್ಳುತ್ತದೆ. ಮಳೆ ನಿಂತು ಹರಿವು ತಗ್ಗಿದ ಮೇಲೆ ಉಪ್ಪು ಮೇಲೇರತೊಡಗುತ್ತದೆ. ಆಗ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಹಾಕುತ್ತಾರೆ. ಹಲಗೆ ಹಾಕುವುದು ಹದಿನೈದು ದಿನ ತಡವಾದರೂ ಸುತ್ತಲಿನ ಬಾವಿಗಳ ನೀರು ಸಪ್ಪೆಯಿಂದ ಉಪ್ಪಿಗೆ ತಿರುಗಬಹುದು. ಮಟ್ಟುವಿನ ರೈತರು ಭತ್ತದ ಕೊಯ್ಲಿನ ನಂತರ ಅದೇ ಮರಳುಮಿಶ್ರಿತ ಗದ್ದೆಯಲ್ಲಿ ಗುಳ್ಳ ಎಂಬ ಬದನೆ ಬೆಳೆಯುತ್ತಾರೆ. 2011ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಮಟ್ಟುಗುಳ್ಳದ ಹಿಂದೆ ಈ ನೆಲವೂ ಇದೆ, ಕಾಲಕಾಲಕ್ಕೆ ಉಪ್ಪನ್ನು ತಡೆಯುವ ಕಾಳಜಿಯೂ ಇದೆ.

ಕಡಲಿನಿಂದ ಕೆಲವೇ ಹೆಜ್ಜೆ ದೂರದ ಬಾವಿಯಲ್ಲಿ ಸಿಹಿನೀರು ಸಿಗುವುದಾದರೂ ಹೇಗೆ? ಮರಳಿಗೆ ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರ, ಹಾಗಾಗಿ ಅದರ ಮೇಲೆ ತೇಲಿಕೊಂಡಿರುತ್ತದೆ. ವ್ಯತ್ಯಾಸ ಶೇ 2.5ರಷ್ಟೇ. ಆದರೆ ಆ ಲೆಕ್ಕದಿಂದಲೇ, ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲೆ ಸಿಹಿನೀರು ನಿಂತಿದ್ದರೆ ಅದರ ಕೆಳಗೆ ಸುಮಾರು 40 ಮೀಟರ್ ಸಿಹಿನೀರು ಇರಬಹುದು ಎಂದಾಗುತ್ತದೆ. ಹಾಲೆಂಡಿನ ಗೈಬೆನ್ ಮತ್ತು ಜರ್ಮನಿಯ ಹರ್ಜ್‌ಬರ್ಗ್ ಬೇರೆ ಬೇರೆಯಾಗಿ ಕಂಡುಕೊಂಡ ಸೂತ್ರವಿದು. ಹರ್ಜ್‌ಬರ್ಗ್ ತನ್ನ ಬರಹ ಪ್ರಕಟಿಸಿದ್ದು 1901ರಲ್ಲಿ. ಕಾಪುವಿನ ಬಂಡೆಯ ಮೇಲೆ ದೀಪಸ್ತಂಭ ಎದ್ದದ್ದೂ ಅದೇ ವರ್ಷ. ಈ ಸೂತ್ರ ತಿರುಗುಮುರುಗಾಗಿಯೂ ನಿಜ. ಪಂಪು ಹಾಕಿ ಮೇಲಿನ ನೀರನ್ನು ಒಂದಡಿ ಇಳಿಸಿದರೆ ಉಪ್ಪು ಕೆಳಗಿನಿಂದ ಅನೇಕ ಅಡಿ ಮೇಲೇರುತ್ತದೆ.

ಇನ್ನು ಬೀಚಿಗೆ ಇಳಿಯೋಣ. ಒಣ ಮರಳಿನಲ್ಲಿ ಟಯರ್ ಹೂತುಹೋಗುತ್ತದೆ, ಏಕೆಂದರೆ ಕಣಗಳು ಒಂದರ ಮೇಲೊಂದು ಜಾರುತ್ತವೆ. ನೀರಂಚಿನ ತೋಯ್ದ ಮರಳೂ ಸಡಿಲವೇ. ಇವೆರಡರ ನಡುವೆ, ಇಳಿತದ ನೀರು ಆಗಷ್ಟೇ ಬಿಟ್ಟುಹೋದ ತೇವದ ಪಟ್ಟಿ ಮಾತ್ರ ಗಟ್ಟಿ. ಅಲ್ಲಿ ಕಣಕಣದ ಸಂದಿನಲ್ಲಿ ಉಳಿದ ಸ್ವಲ್ಪ ನೀರು ಮೇಲ್ಮೈ ಸೆಳೆತದಿಂದ ಅವುಗಳನ್ನು ಒಂದಕ್ಕೊಂದು ಬಿಗಿಯಾಗಿ ಹಿಡಿದಿರುತ್ತದೆ. ಆ ಪಟ್ಟಿಯ ಮೇಲೆ ಕಾಲಿಟ್ಟು ನೋಡಿ: ಪಾದದ ಸುತ್ತಲಿನ ಮರಳು ತಟ್ಟನೆ ಒಣಗಿದಂತೆ ಬಿಳಿಚಿಕೊಳ್ಳುತ್ತದೆ. ತುಳಿದರೆ ನೀರು ಹಿಂಡಿ ಹೊರಗೆ ಬರಬೇಕಿತ್ತಲ್ಲ? ಅಲೆಗಳು ಕಣಗಳನ್ನು ಒತ್ತೊತ್ತಾಗಿ ಜೋಡಿಸಿಟ್ಟಿರುತ್ತವೆ. ಭಾರ ಬಿದ್ದಾಗ ಅವು ಅಲುಗಬೇಕಾದರೆ ಒಂದನ್ನೊಂದು ಹತ್ತಿ ದಾಟಬೇಕು, ಆಗ ನಡುವಿನ ಜಾಗ ಹಿಗ್ಗುತ್ತದೆ, ಮೇಲಿನ ನೀರನ್ನು ಒಳಗೆ ಸೆಳೆದುಕೊಳ್ಳುತ್ತದೆ. ಇದನ್ನು 1885ರಲ್ಲಿ ವಿವರಿಸಿದವರು ಬ್ರಿಟನ್ನಿನ ಆಸ್‌ಬೋರ್ನ್ ರೆನಾಲ್ಡ್ಸ್.

ಹಾಗಾಗಿ ಬೀಚಿನ ಸವಾರಿಗೆ ಇಳಿತದ ಹೊತ್ತೇ ಸರಿ. ಉಬ್ಬರದಿಂದ ಇಳಿತಕ್ಕೆ ಆರು ಗಂಟೆಗಿಂತ ತುಸು ಹೆಚ್ಚು ಹಿಡಿಯುತ್ತದೆ, ಮರುದಿನ ಅದೇ ಇಳಿತ ಸುಮಾರು 50 ನಿಮಿಷ ತಡವಾಗುತ್ತದೆ. ಟಯರಿನ ಗಾಳಿ ಕೊಂಚ ಇಳಿಸಿದರೆ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ. ಮನೆಗೆ ಬಂದೊಡನೆ ಚೈನನ್ನು ಸಿಹಿನೀರಿನಲ್ಲಿ ತೊಳೆದು ಎಣ್ಣೆ ಹಾಕಿ.

ದಾರಿಯಲ್ಲಿ ಎರಡನ್ನು ಮಾತ್ರ ತುಳಿಯಬೇಡಿ. ಮರಳದಿಬ್ಬದ ಮೇಲೆ ನೇರಳೆ ಹೂ ಬಿಟ್ಟು ಹಬ್ಬುವ ಅಡುಂಬು ಬಳ್ಳಿ, ಮುಳ್ಳುಮುಳ್ಳಾದ ರಾವಣನ ಮೀಸೆ ಹುಲ್ಲು, ಇವು ಹಾರುವ ಮರಳನ್ನು ತಡೆದು ಹಿಡಿಯುತ್ತವೆ. ಮಳೆಗಾಲದ ದೊಡ್ಡ ಅಲೆಗಳು ಬೀಚಿನ ಮರಳನ್ನು ಕಿತ್ತು ತೀರದಿಂದಾಚೆ ನೀರಿನಡಿಯಲ್ಲಿ ರಾಶಿ ಹಾಕುತ್ತವೆ. ಆ ರಾಶಿಗೆ ತಾಗಿ ಅಲೆಯ ಬಿರುಸು ಮುರಿಯುತ್ತದೆ. ಮಳೆ ಕಳೆದ ಮೇಲೆ ಮೆಲ್ಲನೆಯ ಅಲೆಗಳು ಅದೇ ಮರಳನ್ನು ವಾಪಸು ತರುತ್ತವೆ. ದಿಬ್ಬದಲ್ಲಿ ಕೂಡಿಟ್ಟ ಮರಳಿದ್ದರೆ ಈ ಕೊಡು-ಕೊಳ್ಳುವಿಕೆ ನಡೆಯುತ್ತದೆ. ಕಡಲ್ಕೊರೆತಕ್ಕೆಂದು ಹಾಕಿದ ಕಲ್ಲಿನ ತಡೆಗೋಡೆ ಹಿಂದಿನ ಮನೆಯನ್ನು ಕಾಯುತ್ತದೆ ನಿಜ, ಮನೆ ಕಳೆದುಕೊಳ್ಳುವ ಭಯದಲ್ಲಿರುವವರಿಗೆ ಅದು ಬೇಕೇ ಬೇಕು. ಆದರೆ ಗೋಡೆಗೆ ಬಡಿದ ಅಲೆ ಅದರ ಬುಡದ ಮರಳನ್ನೇ ಕೆರೆಯುತ್ತದೆ, ಗೋಡೆ ಮುಗಿಯುವ ತುದಿಯಲ್ಲಿ ಪಕ್ಕದ ದಡ ಕೊರೆದುಹೋಗುತ್ತದೆ. ಹೊಳೆಯಿಂದ ಮರಳೆತ್ತಿದರೆ ದಡಕ್ಕೆ ಬರಬೇಕಾದ ಪಾಲು ಕಡಿಮೆಯಾಗುತ್ತದೆ. ಮರಳು ಚಲಿಸುತ್ತಿರುವಷ್ಟು ಕಾಲ ಮಾತ್ರ ಪಡುಕೆರೆ ಪಡುಕೆರೆಯಾಗಿ ಉಳಿಯುತ್ತದೆ ಎಂಬುದನ್ನು ಯೋಜನೆ ಹಾಕುವವರೂ ನಾವೂ ಮರೆಯಬಾರದು.

ಈ ಚಲನೆಯ ಲೆಕ್ಕವಿಡಲು ಸೈಕಲ್ ಸವಾರರು ನೆರವಾಗಬಹುದು. ಆಸ್ಟ್ರೇಲಿಯಾದಲ್ಲಿ 2017ರಲ್ಲಿ ಶುರುವಾದ ಕೋಸ್ಟ್‌ಸ್ನ್ಯಾಪ್ ಯೋಜನೆಯಲ್ಲಿ ಜನಸಾಮಾನ್ಯರು ಗೊತ್ತಾದ ಜಾಗದಲ್ಲಿ ಮೊಬೈಲ್ ಇಟ್ಟು ಬೀಚಿನ ಫೋಟೋ ತೆಗೆಯುತ್ತಾರೆ, ಆ ಫೋಟೋಗಳಿಂದ ವಿಜ್ಞಾನಿಗಳು ದಡ ಸರಿದ ಲೆಕ್ಕ ತೆಗೆಯುತ್ತಾರೆ. ಮಲ್ಪೆಯಿಂದ ಕಾಪುವರೆಗಿನ ಶಾಲೆಗಳ ಮಕ್ಕಳು, ಮಣಿಪಾಲದ ವಿದ್ಯಾರ್ಥಿಗಳು ಒಂದೊಂದು ತೆಂಗಿನಮರವನ್ನೋ ಸೇತುವೆಯ ಕಂಬವನ್ನೋ ಗುರುತು ಮಾಡಿಕೊಂಡು, ಮಳೆಗಾಲಕ್ಕೆ ಮುಂಚೆ ಒಂದು, ದೀಪಾವಳಿಯ ಹೊತ್ತಿಗೆ ಒಂದು ಫೋಟೋ ತೆಗೆದು ದಿನಾಂಕ, ಉಬ್ಬರ-ಇಳಿತದ ಸಮಯ ಬರೆದಿಟ್ಟರೆ ಹತ್ತು ವರ್ಷದಲ್ಲಿ ಈ ದಡದ ಚರಿತ್ರೆಯೇ ಸಿದ್ಧವಾಗುತ್ತದೆ. ಎಲ್ಲಿ ಗೋಡೆ ಬೇಕು, ಎಲ್ಲಿ ಅಡುಂಬು ಬಳ್ಳಿಯೇ ಸಾಕು ಎಂದು ತೀರ್ಮಾನಿಸುವಾಗ ಆ ದಾಖಲೆ ಊರಿನವರ ಕೈಯಲ್ಲಿರಬೇಕು.